ಊರ ಲೆಕ್ಕದ ಹಲ್ಲು

ನಮ್ಮೂರಿನಲ್ಲಿ ಮಗುವಿಗೆ ಗಟ್ಟಿಹಲ್ಲು ಬಂತು ಅಂದರೆ ಕೇಳಿದವರು ಮೊದಲು ಸಂತೋಷಪಡುವುದಿಲ್ಲ, ಯಾರದು ಬಿತ್ತು ಎಂದು ವಿಚಾರಿಸುತ್ತಾರೆ. ಹಾಲುಹಲ್ಲು ದೇವರ ಲೆಕ್ಕದ್ದು. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಗಟ್ಟಿಹಲ್ಲು ಊರ ಲೆಕ್ಕದ್ದು. ಊರಿನ ಒಂದು ಬಾಯಿಂದ ಉದುರಿದರೆ ಮಾತ್ರ ಇನ್ನೊಂದು ಬಾಯಲ್ಲಿ ಮೂಡುತ್ತದೆ. ಯಾರದು ಯಾರಿಗೆ ಹೋಗುತ್ತದೆ ಎನ್ನುವುದು ಯಾರ ಕೈಯಲ್ಲೂ ಇಲ್ಲ.

ಹಾಗಾಗಿ ವಯಸ್ಸಾದವರು ಒಂದು ದಿನ ಕಡ್ಡಿ ಇಳಿಸುತ್ತಾರೆ. ಬೆಳಿಗ್ಗೆ ಜಗಲಿಯ ಮೇಲೆ ಕೂತು, ನಾಲ್ಕು ಜನ ನೋಡುತ್ತಿರುವಾಗ ಕೊನೆಯ ಸಲ ಹಲ್ಲುಜ್ಜಿ, ಆ ಕಡ್ಡಿಯನ್ನು ಮುರಿದು ಬೇಲಿಯಾಚೆ ಎಸೆದು ಬಾಯಿಗೆ ಒಂದು ತುಂಡು ಬೆಲ್ಲ ಹಾಕಿಕೊಳ್ಳುತ್ತಾರೆ. ಅಂದಿನಿಂದ ಅವರು ಹಲ್ಲಿಗೆ ಏನನ್ನೂ ಮುಟ್ಟಿಸುವಂತಿಲ್ಲ. ಮಲಗುವಾಗ ಬೆಲ್ಲ ಚೀಪಿ, ಬಾಯಿ ಮುಕ್ಕಳಿಸದೆ ಮಲಗಬೇಕು. ಬರಬರುತ್ತ ಹಲ್ಲು ಹುಳುಕಾಗಿ, ಸಡಿಲವಾಗಿ, ಒಂದೊಂದೇ ಊರಿಗೆ ಸಂದುಹೋಗುತ್ತವೆ. ನೋವು ತಾಳಲಾರದೆ ಕೀಳಿಸಿಕೊಂಡರೆ ಆ ಹಲ್ಲು ಯಾರಿಗೂ ಸಿಗುವುದಿಲ್ಲ, ಸುಮ್ಮನೆ ಹಾಳು. ಪರಊರಿನ ಹಲ್ಲಿನ ಡಾಕ್ಟರೊಬ್ಬರು ಇದು ಗೊತ್ತಿಲ್ಲದೆ ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಹಾಕಿಕೊಂಡು ಕೂತಿದ್ದರು. ಒಂದು ಬೇಸಿಗೆ ಪೂರ್ತಿ ನೊಣ ಹೊಡೆದು, ಕುರ್ಚಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ವಾಪಸು ಹೋದರು.

ನಮ್ಮವ್ವ ಬೋರಮ್ಮ ಮಾತ್ರ ಕಡ್ಡಿ ಇಳಿಸಿರಲಿಲ್ಲ. ಅವಳ ವಾರಿಗೆಯವರೆಲ್ಲ ಬೊಚ್ಚುಬಾಯಿ ಮಾಡಿಕೊಂಡು ಅಂಬಲಿ ಕುಡಿಯುತ್ತಿದ್ದಾಗ ಇವಳು ನಾನು ಕೆಲಸ ಮಾಡುವ ಕಡಲೆ ಹುರಿಯುವ ಭಟ್ಟಿಯಿಂದ ತಂದ ಹುರಿಗಡಲೆಯನ್ನು ಕಟಕಟ ಅಗಿಯುತ್ತಿದ್ದಳು. ಹೊತ್ತು ಹುಟ್ಟುವ ಮೊದಲೇ ಎದ್ದು ಕೆರೆಯ ಏರಿಯ ಮೇಲೆ ಹೋಗಿ ಕಡ್ಡಿ ಮುರಿದು ತರುವಳು. ದಿನವೂ ಬೇವು ಉಜ್ಜಿದರೆ ನಾಲಿಗೆ ರುಚಿ ಮರೆಯುತ್ತದೆಂದು ನಡುನಡುವೆ ಹೊಂಗೆ. ಒಸಡು ಊದಿಕೊಂಡ ದಿನ ಜಾಲಿ. ಹಬ್ಬದ ಹಿಂದಿನ ದಿನ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಬೆರಳಲ್ಲಿ. ಕಡ್ಡಿಯ ತುದಿಯನ್ನು ಅಗಿದು ಅಗಿದು ಕುಂಚ ಮಾಡಿ, ಒಂದೊಂದು ಹಲ್ಲನ್ನೂ ಮಗುವಿನ ಮುಖ ತೊಳೆದ ಹಾಗೆ ಮೆಲ್ಲಗೆ ತಿಕ್ಕಿ, ಕೊನೆಗೆ ಅದನ್ನೇ ಎರಡು ಸೀಳು ಮಾಡಿ ನಾಲಿಗೆ ಕೆರೆದುಕೊಳ್ಳುವಳು. ಅಷ್ಟಾಗುವ ಹೊತ್ತಿಗೆ ಬೀದಿಯ ಅರ್ಧ ಸುದ್ದಿ ಅವಳ ಕಿವಿಗೆ ಬಿದ್ದಿರುತ್ತಿತ್ತು.

"ಏನ್ ಬೋರಮ್ಮತ್ತೆ, ಮದುವೆಗಿರೋ ಹೆಣ್ಣಿನಂಗೆ ಇನ್ನೂ ತಿಕ್ತಾನೇ ಇದ್ದೀಯಲ್ಲ, ಯಾರಾದ್ರೂ ನೋಡಾಕೆ ಬತ್ತಾರಾ?" ಎಂದು ಪಕ್ಕದ ಮನೆಯ ಮುದ್ದಕ್ಕ ಕೆಣಕುವಳು.

"ಬತ್ತಾನೆ ಕಣೇ, ನಿಮ್ಮಾವ. ಮ್ಯಾಲಿಂದ ಕರಕೊಂಡು ಹೋಗಾಕೆ ಬಂದಾಗ ಬೊಚ್ಚುಬಾಯಿ ನೋಡಿ, ಇವಳಲ್ಲ ನನ್ನ ಹೆಂಡ್ತಿ ಅಂತ ವಾಪಸು ಹೋಗಿಬಿಟ್ರೆ ಏನ್ ಮಾಡ್ಲಿ?" ಎನ್ನುವಳು ಅವ್ವ.

ಜನ ನಗುತ್ತಿದ್ದರು. ಆದರೆ ನಗುವುದು ನಿಂತಮೇಲೆ ಅವರ ಕಣ್ಣು ನನ್ನ ಮಗಳು ನೀಲವೇಣಿಯ ಬಾಯಿಯ ಮೇಲೆ ಹೋಗುತ್ತಿತ್ತು.

ನೀಲನ ಮೇಲಿನ ಸಾಲಿನ ಮುಂದಿನ ಎರಡು ಹಾಲುಹಲ್ಲು ಬಿದ್ದು ಬಹಳ ಕಾಲವಾಗಿತ್ತು. ಬೇರೆಲ್ಲ ಜಾಗದಲ್ಲಿ ಗಟ್ಟಿಹಲ್ಲು ಬಂದವು, ಮುಂದಿನ ಆ ಎರಡು ಮಾತ್ರ ಬರಲಿಲ್ಲ. ಅವಳ ಜೊತೆಯ ಮಕ್ಕಳಿಗೆಲ್ಲ ಬಂದು, ಅವಳಿಗಿಂತ ಚಿಕ್ಕವರಿಗೂ ಬಂದಾಯಿತು. ಶಾಲೆಯಲ್ಲಿ ಅವಳಿಗೆ ಕಿಟಕಿ ಎಂದು ಹೆಸರಿಟ್ಟರು. ಪದ್ಯ ಹೇಳುವಾಗ ಸಕಾರ ಬಂದಲ್ಲೆಲ್ಲ ಬರೀ ಗಾಳಿ ಬರುತ್ತಿತ್ತು. ಅವಳೇನೂ ಅಳುತ್ತಿರಲಿಲ್ಲ. ಕಿಟಕಿಯಿಂದ ನಾಲಿಗೆ ಹೊರಗೆ ಹಾಕಿ ಅಣಕಿಸಿ ಬರುತ್ತಿದ್ದಳು. ಅಳುತ್ತಿದ್ದವಳು ನನ್ನ ಹೆಂಡತಿ ಜಯಶೀಲ.

"ಒಸಡು ಬಲಿತು ಮುಚ್ಕೊಂಡ್ರೆ ಆಯ್ತು ಕಣಣ್ಣ, ಆಮ್ಯಾಲೆ ಊರಿನ ಹಲ್ಲೆಲ್ಲ ಉದುರಿದ್ರೂ ಬರಾಕಿಲ್ಲ," ಎಂದು ಮುದ್ದಕ್ಕ ನನಗೆ ಹೇಳಿದಳು. ಅವಳ ಮಗಳು ರತ್ನಿಗೂ ಒಂದು ಹಲ್ಲು ಬರಬೇಕಿತ್ತು, ಹಾಗಾಗಿ ಅವಳಿಗೂ ಅದೇ ಚಿಂತೆ. ನಾನು ಬೆಳಕಿಗೆ ಹಿಡಿದು ನೋಡಿದೆ. ನೀಲನ ಒಸಡು ನಿಜಕ್ಕೂ ಬಲಿಯುತ್ತಿತ್ತು. ಬೆರಳಿಟ್ಟರೆ ಅಂಚು ಗಟ್ಟಿಯಾಗಿ ಸಿಗುತ್ತಿತ್ತು.

ಭಟ್ಟಿಯಲ್ಲಿ ಬೆಂಕಿಯ ಮುಂದೆ ನಿಂತು ಕಾದ ಮರಳಿನಲ್ಲಿ ಕಡಲೆ ತಿರುವುವವನಿಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿರುತ್ತದೆ. ನಾನು ಯೋಚಿಸಿದ್ದು ಒಂದೇ. ಅವ್ವನಿಗೆ ಹಲ್ಲಿನಿಂದ ಇನ್ನೇನಾಗಬೇಕಾಗಿದೆ? ಮಗಳು ಇನ್ನೂ ಪೂರ್ತಿ ಬದುಕಬೇಕು. ಆಗ ಅದು ಎಷ್ಟು ಸರಿಯಾಗಿ ಕಂಡಿತ್ತೆಂದರೆ, ಈಗಲೂ ಅದರಲ್ಲಿ ತಪ್ಪು ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಲು ನನಗೆ ಆಗುವುದಿಲ್ಲ. ಆದರೂ ಕೇಳಬಾರದಿತ್ತು.

"ಅವ್ವ, ನೀಲನ ಒಸಡು ನೋಡಿದ್ಯಾ?" ಎಂದೆ ಒಂದು ಸಂಜೆ.

"ದಿನಾ ನೋಡ್ತೀನಲ್ಲ."

"ಗಟ್ಟಿ ಆಗ್ತಾ ಐತೆ."

ಅವ್ವ ಮಡಿಲಿನಿಂದ ಎರಡು ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ನನ್ನವು ಉದುರಿದ್ರೆ ಇವಳಿಗೇ ಬತ್ತವೆ ಅಂತ ಯಾರ್ಲಾ ಹೇಳಿದ್ದು?"

"ಬರಬೌದು ಅಲ್ವಾ."

"ಬರದೇನೂ ಇರಬೌದು."

"ಹಂಗಂತ ಎಲ್ರೂ ಕೂತಿದ್ರೆ ನನ್ನ ಬಾಯಲ್ಲಿ ಇವು ಎಲ್ಲಿಂದ ಬರ್ತಿದ್ವು ಅವ್ವ? ನಿನ್ನ ಬಾಯಲ್ಲಿರೋವು ಯಾರವು?"

ಅವಳ ಅಗಿತ ನಿಂತಿತು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲವೇನೋ. ಬಾಯಲ್ಲಿದ್ದುದನ್ನು ನುಂಗಿ, ಮಡಿಲಿನಲ್ಲಿ ಉಳಿದಿದ್ದ ಕಡಲೆಯನ್ನು ನೀಲನ ಕೈಗೆ ಸುರಿದಳು.

ಮುಂದಿನ ಸೋಮವಾರ ಅವ್ವ ಕಡ್ಡಿ ಇಳಿಸಿದಳು. ಬೀದಿಯ ಜನ ಬಂದು ನೋಡಿದರು. ಅಂದು ಬೇವಿನ ಕಡ್ಡಿ. ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದಳು, ಒಂದು ಹಲ್ಲನ್ನೂ ಬಿಡಲಿಲ್ಲ. ಮುರಿದೆಸೆದು ಬೆಲ್ಲ ಬಾಯಿಗಿಟ್ಟಾಗ ಮಕ್ಕಳು ಚಪ್ಪಾಳೆ ಹೊಡೆದವು. ನನ್ನ ಎದೆ ಹಗುರಾಯಿತು. ಎಲ್ಲರೂ ಹೋದಮೇಲೆ ಅವಳು ನನ್ನ ಹತ್ತಿರ ಬಂದು, "ಸರಿಯಾಗಿ ಮಾಡಿದ್ನಾ ಮಗಾ?" ಎಂದು ಕೇಳಿದಳು. ಸರಿಯಾಗಿ ಮಾಡಿದೆ ಎಂದೆ.

ಅಷ್ಟು ಗಟ್ಟಿಯಾದ ಹಲ್ಲುಗಳು ಬೇಗ ಸೋಲುವುದಿಲ್ಲ. ಮಳೆಗಾಲ ಕಳೆದು ಚಳಿ ಬಂತು. ಮೊದಲು ಹಲ್ಲಿನ ಬುಡ ಹಳದಿಯಾಯಿತು, ಆಮೇಲೆ ಸಂದಿಗಳು ಕಪ್ಪಾದವು. ಅವ್ವ ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ವಾಸನೆ ಬರುತ್ತದೆಂದು ಅವಳಿಗೆ ನಾವು ಯಾರೂ ಹೇಳಿರಲಿಲ್ಲ, ಅವಳಿಗೇ ಗೊತ್ತಾಗಿತ್ತು. ಕೆರೆ ಏರಿಗೆ ಹೋಗುವುದನ್ನು ಬಿಡಲಿಲ್ಲ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದಳು.

ಮೊದಲು ಉದುರಿದ್ದು ಮುಂದಿನ ಹಲ್ಲು. ಜಯಶೀಲ ನೀಲನನ್ನು ಅಂಗಳಕ್ಕೆ ಎಳೆದುಕೊಂಡು ಬಂದು ಬಾಯಿ ತೆಗೆಸಿ ನೋಡಿದಳು. ಮರುದಿನವೂ ನೋಡಿದಳು. ಆ ವಾರವೆಲ್ಲ ನೋಡಿದಳು. ವಾರ ಕಳೆದಮೇಲೆ ಮುದ್ದಕ್ಕ ರತ್ನಿಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅವ್ವನಿಗೆಂದು ತಂದ ಒಂದು ಬಟ್ಟಲು ಎಳ್ಳೆಣ್ಣೆ. ಮುಖದಲ್ಲಿ ಖುಷಿಯೂ ಇತ್ತು, ನಾಚಿಕೆಯೂ ಇತ್ತು. ಯಾರ ಹಲ್ಲು ಯಾರಿಗೆ ಹೋಯಿತೆಂದು ನಮ್ಮೂರಲ್ಲಿ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದರೆ ಅವ್ವ ಭಟ್ಟಿಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದವಳು, ಜೀವನವಿಡೀ ಸೆಣಬಿನ ದಾರವನ್ನು ಹಲ್ಲಿನಲ್ಲೇ ಕಡಿದವಳು. ಆ ಹಲ್ಲಿನ ಅಂಚಿನಲ್ಲಿ ದಾರ ಸವೆಸಿದ ಸಣ್ಣದೊಂದು ಗೀರಿತ್ತು. ಹುಳುಕು ಹಳೆಯ ಬಾಯಲ್ಲೇ ಕಳೆದುಹೋಗುತ್ತದೆ, ಆದರೆ ಆ ಗೀರು ಈಗ ರತ್ನಿಯ ಬಾಯಲ್ಲಿತ್ತು.

ಅವ್ವ ಆ ಹುಡುಗಿಯ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. "ನಂದೇ ಕಣೇ ಇದು!" ಎಂದು ಸೆರಗು ಮರೆತು ನಕ್ಕಳು. "ನೋಡೇ, ಅಡ್ಡಡ್ಡ ಎಳೀಬ್ಯಾಡ. ಒಸಡಿಂದ ತುದಿ ಕಡೆಗೆ ಮೆಲ್ಲಗೆ. ಉಂಡಮ್ಯಾಲೆ ಬಾಯಿ ಮುಕ್ಕಳಿಸು. ಹೊಂಗೆ ಕಡ್ಡಿ ಎಳೇದು ತಕ್ಕೋ, ಬಲಿತಿದ್ದು ತಕ್ಕೊಂಡೆ ಅಂದ್ರೆ ಕಿವಿ ಹಿಂಡ್ತೀನಿ. ನನ್ನ ಹಲ್ಲು ಅದು, ತಿಳೀತಾ?"

"ಹ್ಞೂಂ ಅಜ್ಜಿ," ಎಂದಳು ರತ್ನಿ.

ಒಳಗೆ ಜಯಶೀಲ ಪಾತ್ರೆಯೊಂದನ್ನು ನೆಲಕ್ಕೆ ಕುಕ್ಕಿದ ಸದ್ದು ಎಲ್ಲರಿಗೂ ಕೇಳಿಸಿತು. ಅವರು ಹೋದಮೇಲೆ ಅವಳು ಎಣ್ಣೆಯ ಬಟ್ಟಲನ್ನು ಮುಟ್ಟಲಿಲ್ಲ. "ನಿಮ್ಮವ್ವ ಮಲಗೋದು ಆ ಗೋಡೆ ಪಕ್ಕ. ಗೋಡೆ ಆಚೆ ರತ್ನಿ ಮಲಗ್ತಾಳೆ. ಹಲ್ಲಿಗೇನು ಕಾಲೈತಾ, ಹತ್ತಿರ ಇರೋ ಬಾಯಿಗೆ ಹೋಯ್ತು," ಎಂದಳು.

ಈ ಮಾತು ನಮ್ಮೂರಲ್ಲಿ ಹಿಂದಿನಿಂದಲೂ ಇದೆ. ಕೆಲವರು ನಂಬುತ್ತಾರೆ, ಕೆಲವರು ನಗುತ್ತಾರೆ. ಅವತ್ತಿನವರೆಗೆ ನಾನು ನಗುವವರ ಪೈಕಿ. ಅವತ್ತೇ ಅವ್ವನ ಮಂಚವನ್ನು ನಡುಮನೆಗೆ ಎಳೆದೆ. ನೀಲನ ಹಾಸಿಗೆಯನ್ನು ಅದಕ್ಕೆ ತಾಗಿಸಿ, ಅಜ್ಜಿಯ ಕಡೆ ಮುಖ ಮಾಡಿಯೇ ಮಲಗಬೇಕೆಂದು ಹೇಳಿದೆ. ಜಗಲಿಗೆ ಹೋಗಬೇಡ ಅವ್ವ, ಬೀದಿ ಮಕ್ಕಳು ಹತ್ತಿರ ಬರುತ್ತವೆ ಎಂದೆ. ಕೆರೆ ಏರಿಗೂ ಬೇಡ ಎಂದೆ. ಊರಿನ ಮುಕ್ಕಾಲು ಜನರನ್ನು ಹೆಸರು ಹಿಡಿದು ಕರೆಯುತ್ತಿದ್ದ ಹೆಂಗಸು ನಡುಮನೆಯಲ್ಲಿ ಕೂತು ಬಾಗಿಲ ಕಡೆ ನೋಡತೊಡಗಿದಳು. "ಮುದ್ದಿ, ಮಳೆ ಬಂತೇನೇ ಆ ಕಡೆ?" ಎಂದು ಗೋಡೆಯಾಚೆಗೆ ಕೂಗಿ ಕೇಳುವಳು. ಒಂದೇ ಬೀದಿಯಲ್ಲಿ ಆ ಕಡೆ ಬೇರೆ, ಈ ಕಡೆ ಬೇರೆ ಮಳೆ ಎಲ್ಲಿಂದ ಬರಬೇಕು? ಯಾರಾದರೂ ಮಾತಾಡಲಿ ಎಂದು ಕೇಳುತ್ತಿದ್ದಳು, ಅಷ್ಟೇ.

ಆಮೇಲೆ ನೋವು ಶುರುವಾಯಿತು. ಒಂದು ಕಡೆಯ ದವಡೆ ಊದಿ ಕಣ್ಣು ಸಣ್ಣದಾಯಿತು. ಬಿಸಿಯೂ ಆಗದು, ತಣ್ಣನೆಯದೂ ಆಗದು. ಜಯಶೀಲ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಆರಿಸಿ ಕುಡಿಸುತ್ತಿದ್ದಳು. ಅವಳು ಕೆಟ್ಟವಳಲ್ಲ. ಆದರೆ ಅವ್ವ ಒಂದು ಲವಂಗ ಕೊಡೇ ಎಂದಾಗ ಕೊಡಲಿಲ್ಲ. ಲವಂಗ ಇಟ್ಟರೆ ಸಡಿಲವಾಗಿದ್ದ ಹಲ್ಲು ಮತ್ತೆ ನಿಲ್ಲುತ್ತದೆಂದು ಹೆದರಿಕೆ. ಲವಂಗದ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಟ್ಟವನು ನಾನೇ. ನೀಲನ ಒಸಡು ಮುಚ್ಚುತ್ತಿತ್ತು, ಅವ್ವನ ಹಲ್ಲು ಇಂದು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಕಾಯುತ್ತಿದ್ದೆವು. ಎರಡು ಹಲ್ಲು ಬಿದ್ದವು, ಊರಲ್ಲಿ ಎಲ್ಲಿಗೆ ಹೋದವೋ ಗೊತ್ತಾಗಲಿಲ್ಲ. ಮಿಕ್ಕವು ಅಲ್ಲಾಡುತ್ತಿದ್ದವು, ಬೀಳುತ್ತಿರಲಿಲ್ಲ. ಯಾಕೆ ಬೀಳುತ್ತಿಲ್ಲ ಎನ್ನುವುದು ನಮಗೆ ಅರ್ಥವಾಗಲಿಲ್ಲ.

ಒಂದು ಬೆಳಿಗ್ಗೆ ಭಟ್ಟಿಯ ಬಾಣಲೆ ಬಿರುಕುಬಿಟ್ಟು ಕೆಲಸ ನಿಂತಿತು. ನಾನು ಶಾಲೆಯ ಹೊತ್ತಿಗಿಂತ ಮೊದಲೇ ಮನೆಗೆ ಬಂದೆ. ನಡುಮನೆಯಲ್ಲಿ ಯಾರೂ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವ್ವ ಬಾಯಿ ತೆರೆದುಕೊಂಡು ಕೂತಿದ್ದಳು. ನೀಲ ಯೂನಿಫಾರಮ್ಮಿನಲ್ಲಿ ಅವಳ ಮುಂದೆ ನಿಂತು, ಎಳೆಯ ಹೊಂಗೆ ಕಡ್ಡಿಯ ತುದಿಯಲ್ಲಿ ಅವಳ ಹಲ್ಲುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಚೊಂಬಿನಲ್ಲಿ ಉಪ್ಪುನೀರು.

"ಇಲ್ಲಿ ನೋಯ್ತದಾ ಅಜ್ಜಿ?"

"ಉಹ್ಞುಂ."

"ಸುಳ್ಳು ಹೇಳ್ಬ್ಯಾಡ."

"ಒಂಚೂರು."

ನಾನು ಕಡ್ಡಿಯನ್ನು ಕಿತ್ತುಕೊಂಡೆ. ಎಷ್ಟು ದಿನದಿಂದ ನಡೆಯುತ್ತಿದೆ ಇದು ಎಂದು ಕಿರುಚಿದೆ. ಪಕ್ಕದಲ್ಲಿ ಮಲಗಿದವಳಿಗೆ ಅಜ್ಜಿ ಹಲ್ಲು ಹಿಡಿದುಕೊಂಡು ನರಳುವುದು ಕೇಳಿಸುತ್ತಿತ್ತಂತೆ, ಅಂದಿನಿಂದ ತಿಕ್ಕುತ್ತಿದ್ದಾಳಂತೆ. ನನಗೂ ಜಯಶೀಲಳಿಗೂ ಅದೇ ನರಳಾಟ ಕೇಳಿಸುತ್ತಿತ್ತು.

"ನಿನಗೆ ಹಲ್ಲು ಬೇಕೋ ಬ್ಯಾಡ್ವೋ?" ಎಂದೆ.

"ಬ್ಯಾಡ."

"ನಿನ್ನ ಕೇಳಿದೋರು ಯಾರು?"

ನೀಲ ನನ್ನ ಮುಖವನ್ನೇ ನೋಡಿದಳು. ಕೇಳಿದವನು ನಾನೇ ಎಂದು ಅವಳು ಹೇಳಬಹುದಿತ್ತು. ಅವ್ವ ಎದ್ದುನಿಂತು, "ಅವಳನ್ನ ಬೈಬ್ಯಾಡ ತಿಮ್ಮ, ನಾನೇ ಬಾಯಿ ತೆಗೆದಿದ್ದು. ಕಡ್ಡಿ ಇಳಿಸಿದೋಳು ನಾನು, ತಪ್ಪು ನಂದು. ಇನ್ನು ತೆಗೆಯಾಕಿಲ್ಲ," ಎಂದಳು. ಹೇಳಿದಂತೆಯೇ ನಡೆದುಕೊಂಡಳು. ಆಮೇಲೆ ನೀಲ ಎಷ್ಟು ಗೋಗರೆದರೂ ತುಟಿ ಬಿಡಿಸಲಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಅವ್ವನ ಬಾಯಿ ಖಾಲಿಯಾಯಿತು. ಅದರಲ್ಲಿ ಒಂದು, ಒಂದೇ ಒಂದು, ನೀಲನಿಗೆ ಬಂತು. ಅಕ್ಕಿಕಾಳಿನಂತೆ ಬಿಳಿ ತುದಿ ಕಂಡ ದಿನ ಜಯಶೀಲ ಅತ್ತು ಅವ್ವನ ಕಾಲು ಹಿಡಿದಳು. ಪಕ್ಕದ ಇನ್ನೊಂದು ಜಾಗದಲ್ಲಿ ಒಸಡು ಮುಚ್ಚಿಹೋಗಿತ್ತು. ಆದರೂ ಒಂದಾದರೂ ಬಂತಲ್ಲ ಎಂದು ನಾನು ಬೀದಿಗೆಲ್ಲ ಹುರಿಗಡಲೆ ಹಂಚಿದೆ. ಅವ್ವ ಜಗಲಿಗೆ ಬಂದು ಕೂತಳು, ಈಗ ಯಾರೂ ತಡೆಯುವ ಹಾಗಿರಲಿಲ್ಲ. ಕೆನ್ನೆಗಳು ಒಳಗೆ ಹೋಗಿ ಅವಳ ಮುಖ ಬೇರೆ ಯಾರದೋ ಆಗಿತ್ತು. ಅವಳ ಪಾಲಿನ ಕಡಲೆಯನ್ನು ಕೊಡಲು ಹೋದವನು ಅರ್ಧದಲ್ಲೇ ಕೈ ಹಿಂದೆಗೆದುಕೊಂಡೆ. ಕೊಡಬೇಕೆಂದು ಹೋದದ್ದು ಅಭ್ಯಾಸಬಲ. ಅವಳು ಅದನ್ನು ನೋಡಿದಳು.

ನೀಲ ಹಲ್ಲುಜ್ಜುತ್ತಿಲ್ಲ ಎಂದು ನಮಗೆ ಗೊತ್ತಾಗುವಾಗ ತಡವಾಗಿತ್ತು. ಹೊಸ ಹಲ್ಲಿನ ಬುಡದಲ್ಲಿ ಹಳದಿ ಗೆರೆ ಮೂಡಿತ್ತು. ಅವಳ ದಿಂಬಿನ ಕೆಳಗೆ ಇರುವೆ ಸಾಲು ಹತ್ತಿದ್ದನ್ನು ನೋಡಿ ಜಯಶೀಲ ದಿಂಬು ಎತ್ತಿದರೆ ಕಾಗದದಲ್ಲಿ ಸುತ್ತಿದ ಬೆಲ್ಲ.

"ಏನವ್ವ ಇದು?" ಎಂದು ನೀಲನನ್ನು ಕೇಳಿದೆ. ನನ್ನಲ್ಲಿ ಕೂಗಲು ಶಕ್ತಿ ಇರಲಿಲ್ಲ.

"ಉದುರ್ಲಿ ಅಂತ."

"ಯಾಕೆ?"

"ಅಜ್ಜಿ ಪಕ್ಕಾನೇ ಮಲಗ್ತೀನಲ್ಲ. ಹತ್ತಿರ ಇರೋ ಬಾಯಿಗೆ ಹೋಗ್ತದಲ್ಲ."

"ವಯಸ್ಸಾದೋರ ಒಸಡಿಗೆ ಮತ್ತೆ ಬರಲ್ಲ ಕಣವ್ವ."

"ಯಾರಾದ್ರೂ ಹಂಗೆ ಕೊಟ್ಟು ನೋಡವ್ರಾ?"

ನನಗೆ ತಿಳಿದಂತೆ ಯಾರೂ ನೋಡಿಲ್ಲ. ನಮ್ಮೂರಲ್ಲಿ ಮಕ್ಕಳಿಂದ ಮುದುಕರಿಗೆ ಕೊಡುವ ಯೋಚನೆ ಯಾರಿಗೂ ಬಂದಿದ್ದಿಲ್ಲ. ನಾನು ಪೇಟೆಯಿಂದ ಬಣ್ಣದ ಬ್ರಷ್ಷು ತಂದೆ, ಸಿಹಿ ವಾಸನೆಯ ಪೇಸ್ಟು ತಂದೆ. ಕೆರೆ ಏರಿಯಿಂದ ಎಳೆಯ ಕಡ್ಡಿ ತಂದೆ. ದಿನವೂ ಭಟ್ಟಿಗೆ ಹೋಗುವ ಮೊದಲು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡೆ. ಅವಳು ತುಟಿ ಬಿಗಿದು ಕೂರುತ್ತಿದ್ದಳು. ಅಷ್ಟೆಲ್ಲ ಕೊಟ್ಟು ಪಡೆದ ಒಂದು ಹಲ್ಲು ನನ್ನ ಕಣ್ಣೆದುರೇ ಕಪ್ಪಾಗುತ್ತಿತ್ತು.

ಇದನ್ನೆಲ್ಲ ಅವ್ವ ಮಂಚದಿಂದಲೇ ನೋಡುತ್ತಿದ್ದಳು. ಒಂದು ಭಾನುವಾರ ಹಲ್ಲಿಲ್ಲದ ಬಾಯಿಂದ ತೊದಲುತ್ತ ಮೊಮ್ಮಗಳನ್ನು ಕರೆದಳು. "ನೀಲಾ, ಒಂದು ಸೀಬೆಹಣ್ಣು ತಿನ್ನಬೇಕು ಅಂತ ಬಾಯಿ ಚಪಲ ಕಣೇ."

"ತರ್ತೀನಿ ತಾಳು ಅಜ್ಜಿ."

"ತಂದು? ಕಡಿಯೋರು ಯಾರು? ನೀನು ಕಡಿದು, ಚೆನ್ನಾಗಿ ಅಗಿದು ಕೊಡ್ತೀಯ ಅಂದ್ರೆ ತಿಂತೀನಿ."

"ಎಂಜಲು!"

"ನಿಮ್ಮಪ್ಪಂಗೆ ಹಲ್ಲು ಬರೋಗಂಟ ನಾನು ಹಂಗೇ ತಿನ್ನಿಸಿದ್ದು. ಸತ್ತೋದ್ನಾ? ಆದ್ರೆ ಒಂದು ಮಾತು. ತಿಕ್ಕದೇ ಇರೋ ಬಾಯಿದು ನನಗೆ ಬ್ಯಾಡವ್ವ. ಗಬ್ಬು ವಾಸ್ನೆ. ನಾನೂ ಅನುಭವಿಸಿದೋಳೇ."

ಅಜ್ಜಿ ತಮಾಷೆ ಮಾಡುತ್ತಿದ್ದಾಳೋ, ನಿಜವಾಗಿಯೂ ಹಸಿದಿದ್ದಾಳೋ ಎಂದು ನೀಲನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಆಮೇಲೆ ಅವಳು ಹಿತ್ತಲಿಗೆ ಹೋಗಿ ಕಡ್ಡಿ ಹಿಡಿದು ಕೂತಳು. ತಿಕ್ಕಿ ಮುಗಿಯುವವರೆಗೆ ಅವ್ವ ಒಳಗಿನಿಂದ, "ಹಿಂದಿನವೂ ಬಿಡಬ್ಯಾಡ, ಅಗಿಯೋವು ಅವೇ!" ಎಂದು ಕೂಗುತ್ತಿದ್ದಳು.

ಈಗ ದಿನವೂ ಹಾಗೆಯೇ ನಡೆಯುತ್ತದೆ. ಸೀಬೆಹಣ್ಣು, ಕೊಬ್ಬರಿ, ರೊಟ್ಟಿಯ ಅಂಚು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಅದೇನೋ ಮಾತಾಡುತ್ತ ನಗುತ್ತಿರುತ್ತಾರೆ. ನಾನು ಒಳಗೆ ಬಂದರೆ ನೀಲನ ನಗು ನಿಲ್ಲುತ್ತದೆ. ಕೋಪವೇನೂ ಇಲ್ಲ. ನೀರು ಕೇಳಿದರೆ ತಂದುಕೊಡುತ್ತಾಳೆ, ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ. ಬಾಯಿ ಮಾತ್ರ ತೆರೆಯುವುದಿಲ್ಲ.

ಇವತ್ತು ಬೆಳಿಗ್ಗೆ ತಡೆಯಲಾರದೆ, "ಎಲ್ಲಿ, ಹಲ್ಲು ತೋರಿಸವ್ವ ಒಂದ್ಸಲ," ಎಂದೆ. ಅವಳು ಅಜ್ಜಿಯ ಕಡೆ ನೋಡಿದಳು.

"ತೋರ್ಸೇ, ನಿಮ್ಮಪ್ಪ ಅಲ್ವಾ," ಎಂದಳು ಅವ್ವ.

ನೀಲ ಬೆಳಕಿನ ಕಡೆ ತಿರುಗಿ, ತಾನೇ ಬೆರಳಿನಿಂದ ಮೇಲ್ತುಟಿ ಎತ್ತಿ ಹಿಡಿದಳು. ಹಲ್ಲು ಬೆಳ್ಳಗಿತ್ತು. ಬುಡದ ಹಳದಿ ಗೆರೆ ಹೋಗಿತ್ತು. ಅವಳು ಹಾಗೆಯೇ, ಸಂತೆಯಲ್ಲಿ ದನದ ಬಾಯಿ ಬಿಡಿಸಿ ತೋರಿಸಿದಂತೆ, ನಾನು ನೋಡಿ ಮುಗಿಸುವುದನ್ನು ಕಾಯುತ್ತ ನಿಂತಿದ್ದಳು.

"ಆಯ್ತಾ?" ಎಂದಳು.

"ಆಯ್ತು ಕಣವ್ವ," ಎಂದೆ. ಅವಳು ತುಟಿ ಬಿಟ್ಟಳು.